ಕಿತ್ತಿಕೋ, ಹಚ್ಚಿಕೋ: ಊರ ಗಾಯರಾಣ ಕಾಯುವ ಬಗೆ

(ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸುತ್ತಲಿನ ಹಳ್ಳಿಗಳ ಒಕ್ಕಲಿಗರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದವರ ಉಪಯೋಗಕ್ಕಾಗಿ ಇಲ್ಲಿ ಅಚ್ಚು ಮಾಡಿದೆ.)



ನಾವು ಕೂಡಿರುವ ಈ ಸ್ಥಳದ ಹೆಸರನ್ನೇ ಮೊದಲು ನೋಡಿರಿ. ದುರ್ಗ ಎಂದರೆ ಕೋಟೆ. ಬೈಲು ಎಂದರೆ ಬಯಲು. 1727ರ ಸುಮಾರಿಗೆ ಬಸಪ್ಪ ಶೆಟ್ಟಿ ಎಂಬ ವ್ಯಾಪಾರಿ ಈ ಕೋಟೆಯ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಆಮೇಲೆ ಸುತ್ತಲೂ ಅಂಗಡಿಗಳು ಬಂದವು, ಪೇಟೆ ಬೆಳೆಯಿತು. ಆದರೂ ಬೈಲು ಎಂಬ ಹೆಸರು ಹೋಗಲಿಲ್ಲ. ಯಾವೊಬ್ಬನ ಹೆಸರಿನಲ್ಲಿಯೂ ಇಲ್ಲದ, ಎಲ್ಲರಿಗೂ ಬೇಕಾದ ಜಾಗ ಊರಿಗೆ ಒಂದಾದರೂ ಇರಬೇಕೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು.

ನಿಮ್ಮ ನಿಮ್ಮ ಊರಿನಲ್ಲಿಯೂ ಇಂಥ ಬಯಲು ಇದೆ, ಇಲ್ಲವೇ ಇತ್ತು. ನಾವು ಅದನ್ನು ಗಾಯರಾಣ ಎನ್ನುತ್ತೇವೆ. ಸರಕಾರದ ಕಾಗದಗಳಲ್ಲಿ ಗೋಮಾಳ ಎಂದು ಬರೆದಿರುತ್ತದೆ. ಇಂದು ನಾನು ಮಾತಾಡಬೇಕೆಂದಿರುವುದು ಆ ಗಾಯರಾಣದ ಬಗೆಗೆ. ಪರಿಸರ ಎಂಬ ಮಾತನ್ನು ಈಗ ಎಲ್ಲ ವೇದಿಕೆಗಳ ಮೇಲೆಯೂ ಕೇಳುತ್ತೀರಿ. ಒಕ್ಕಲಿಗನಿಗೆ ಅದು ದೂರದ ಮಾತಲ್ಲ. ಅವನ ದನ ಎಲ್ಲಿ ಮೇಯುತ್ತದೆ, ಅವನ ಮನೆಯ ಒಲೆಗೆ ಕಟ್ಟಿಗೆ ಎಲ್ಲಿಂದ ಬರುತ್ತದೆ, ಅವನ ಕೆರೆಗೆ ನೀರು ಎಲ್ಲಿಂದ ಹರಿಯುತ್ತದೆ ಎಂಬಲ್ಲಿಂದಲೇ ಅದು ಪ್ರಾರಂಭವಾಗುತ್ತದೆ.

ಪಡ ಬಿದ್ದ ಭೂಮಿ ಅಲ್ಲ

ಗಾಯರಾಣವನ್ನು ಕಂಡವರು ಬಹಳ ಮಂದಿ ‘ಪಡ ಬಿದ್ದಿದೆ, ಏನೂ ಬೆಳೆಯುವುದಿಲ್ಲ’ ಎನ್ನುತ್ತಾರೆ. ಈ ಮಾತು ತಪ್ಪು. ಜೋಳ, ಹತ್ತಿ ಬೆಳೆಯದಿರಬಹುದು. ಆದರೆ ಮಳೆ ಬಿದ್ದೊಡನೆ ಹುಲ್ಲು ಏಳುತ್ತದೆ. ಕಣಕಿ ತೀರಿದ ಮೇಲೆ, ಹೊಸ ಮೇವು ಬರುವ ಮೊದಲು, ನಡುವಿನ ಕಷ್ಟದ ದಿನಗಳಲ್ಲಿ ದನಕರುಗಳಿಗೆ ಅದೇ ಆಧಾರ. ಹೊಲವಿಲ್ಲದವನು ಎರಡು ಆಡು ಸಾಕಿ ಸಂಸಾರ ನಡೆಸುವುದು ಆ ಬಯಲಿನ ಬಲದ ಮೇಲೆಯೇ. ಬೇವಿನ ಬೀಜ, ಹುಣಸೆಹಣ್ಣು, ಬಾರಿಹಣ್ಣು, ಒಲೆಗೆ ಒಣಕಟ್ಟಿಗೆ, ಕುಂಟೆ ಕೂರಿಗೆಗೆ ಮರ, ಇವೆಲ್ಲ ಅಲ್ಲಿಂದ ಬಂದದ್ದು. ಅಲ್ಲಿ ಮೇಯ್ದ ದನದ ಸಗಣಿ ನಿಮ್ಮ ತಿಪ್ಪೆಗೆ ಬಂತು, ತಿಪ್ಪೆಯಿಂದ ಹೊಲಕ್ಕೆ ಹೋಯಿತು.

ಇನ್ನೊಂದು ಉಪಯೋಗವೂ ಉಂಟು. ಗಾಯರಾಣ ಸಾಮಾನ್ಯವಾಗಿ ಊರಿನ ಎತ್ತರದ ಕಡೆ, ಗುಡ್ಡದ ಓರೆಯಲ್ಲಿ ಇರುತ್ತದೆ. ಹುಲ್ಲು ಗಿಡ ಇದ್ದರೆ ಮಳೆಯ ನೀರು ಅಲ್ಲಿ ತಡೆದು ಇಂಗುತ್ತದೆ, ಹೆಚ್ಚಾದದ್ದು ಮೆಲ್ಲಗೆ ಕೆರೆಗೆ ಇಳಿಯುತ್ತದೆ. ಬೋಳಾದರೆ ನೀರು ಮಣ್ಣನ್ನೂ ಎಳೆದುಕೊಂಡು ಓಡುತ್ತದೆ. ಕೆರೆ ಹೂಳು ತುಂಬಿತೆಂದು ದೂರುವವರು ಮೇಲಿನ ಗಾಯರಾಣವನ್ನು ಒಮ್ಮೆ ಹತ್ತಿ ನೋಡಬೇಕು. ಹೂಳು ಬಂದ ದಾರಿ ಅಲ್ಲಿ ಕಾಣುತ್ತದೆ.

1984ರ ಒಂದು ಕರಾರು

ಇಂಥ ಬಯಲಿನ ಬೆಲೆ ನಮ್ಮ ಸೀಮೆಯ ಜನಕ್ಕೆ ಒಮ್ಮೆ ಚೆನ್ನಾಗಿ ತಿಳಿದು ಬಂತು. ಆ ಕಥೆಯನ್ನು ಇಂದಿನ ಹುಡುಗರು ಕೇಳಿರಲಿಕ್ಕಿಲ್ಲ. ಆದುದರಿಂದ ವಿವರವಾಗಿ ಹೇಳುತ್ತೇನೆ.

ತುಂಗಭದ್ರಾ ನದಿಯ ದಂಡೆಯಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರಖಾನೆ ಇದೆ. ಮರವನ್ನು ಅರೆದು ತಿರುಳು ಮಾಡಿ, ಅದರಿಂದ ರೇಯಾನ್ ನೂಲಿಗೆ ಬೇಕಾದ ವಸ್ತುವನ್ನು ತಯಾರಿಸುವುದು ಅದರ ಕೆಲಸ. ಅದಕ್ಕೆ ವರ್ಷ ವರ್ಷವೂ ಬಹಳ ಮರ ಬೇಕು. 1984ರ ನವೆಂಬರ್ 14ರಂದು ಕರ್ನಾಟಕ ಸರಕಾರವು ಆ ಕಾರಖಾನೆಯೊಡನೆ ಒಂದು ಕರಾರು ಮಾಡಿಕೊಂಡಿತು. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಹೊಸ ಕಂಪನಿ ಹುಟ್ಟಿತು. ಸರಕಾರದ ಪಾಲು ನೂರಕ್ಕೆ 51, ಕಾರಖಾನೆಯದು ನೂರಕ್ಕೆ 49. ರಾಜ್ಯದ ಉತ್ತರ ಭಾಗದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮೊದಲಾದ ಬೇಗ ಬೆಳೆಯುವ ಗಿಡಗಳನ್ನು ಬೆಳೆಸಿ ಕಾರಖಾನೆಗೆ ಒದಗಿಸುವುದು ಈ ಕಂಪನಿಯ ಉದ್ದೇಶ.

ಆ ಭೂಮಿ ಯಾವುದು? ಕಾಗದದ ಮೇಲೆ ಸರಕಾರದ ಭೂಮಿ. ರೂಢಿಯಲ್ಲಿ ಊರ ಭೂಮಿ. ದನ ಮೇಯುತ್ತಿದ್ದ, ಹೆಣ್ಣುಮಕ್ಕಳು ಕಟ್ಟಿಗೆ ಆರಿಸುತ್ತಿದ್ದ ಬಯಲುಗಳು ಅವು.

ಈಗ ಲೆಕ್ಕ ನೋಡಿರಿ. ನೀವು ಲಾವಣಿಗೆ ಹೊಲ ಹಿಡಿಯುವವರು, ನಿಮಗೆ ಈ ಲೆಕ್ಕ ತಿಳಿಯುತ್ತದೆ. 30,000 ಹೆಕ್ಟೇರ್ ಎಂದರೆ ಸುಮಾರು 75,000 ಎಕರೆ. ಕರಾರಿನ ಅವಧಿ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಅಂದರೆ ಇಷ್ಟೂ ಭೂಮಿಗೆ ವರ್ಷದ ಬಾಡಿಗೆ 75,000 ರೂಪಾಯಿ ಮಾತ್ರ. ಬೆಳೆದ ಮರದಲ್ಲಿ ನೂರಕ್ಕೆ ಎಂಬತ್ತೇಳೂವರೆ ಪಾಲು ನೇರವಾಗಿ ಕಾರಖಾನೆಗೆ. ಹಿಂದಿನ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ ಹದಿನಾಲ್ಕಾಣೆ. ಉಳಿದ ಎರಡಾಣೆ ಪಾಲನ್ನೂ ಕೊಂಡುಕೊಳ್ಳುವ ಹಕ್ಕು ಕಾರಖಾನೆಗೇ ಇತ್ತು. ಆ ಬಯಲಿನಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ದನ ಮೇಯಿಸಿದ ಊರಿಗೆ ಎಷ್ಟು ಆಣೆ ಬಂತು ಎಂಬುದನ್ನು ನೀವೇ ಕೂಡಿಸಿ ನೋಡಿರಿ.

ಇನ್ನೊಂದು ಲೆಕ್ಕವೂ ಇದೆ. ಕರ್ನಾಟಕ ಭೂಕಂದಾಯ ನಿಯಮಗಳು 1966ರಲ್ಲಿ ಬಂದವು. ಅವುಗಳ 97ನೆಯ ನಿಯಮದ ಪ್ರಕಾರ ಊರಿನ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ, ಭೂಮಿಯನ್ನು ಪುಕ್ಕಟೆ ಮೇವಿಗಾಗಿ ತೆಗೆದಿಡಬೇಕು. ಈ ಅಳತೆಯಲ್ಲಿ 30,000 ಹೆಕ್ಟೇರ್ ಎಂದರೆ ಎರಡೂವರೆ ಲಕ್ಷ ದನಗಳ ಮೇವಿನ ಭೂಮಿಯಾಯಿತು.

ನೀಲಗಿರಿ ಮರದ ಮೇಲೆ ನನಗೆ ಸಿಟ್ಟಿಲ್ಲ. ಮರ ತನ್ನ ಗುಣದಂತೆ ಬೆಳೆಯುತ್ತದೆ. ಆದರೆ ಅದರ ಎಲೆಯನ್ನು ದನ ತಿನ್ನುವುದಿಲ್ಲ, ಆಡು ಮುಟ್ಟುವುದಿಲ್ಲ. ನೆಟ್ಟವರಿಗೆ ಅದೇ ಅನುಕೂಲ, ಕಾವಲು ಬೇಕಾಗುವುದಿಲ್ಲ. ಊರಿನವರಿಗೆ ಅದೇ ನಷ್ಟ. ಒತ್ತೊತ್ತಾಗಿ ನೆಟ್ಟ ತೋಪಿನ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಹೆಸರಿಗೆ ಹಸಿರು, ದನಕ್ಕೆ ಉಪವಾಸ. ಹಸಿರಾಗಿ ಕಂಡದ್ದೆಲ್ಲ ಊರಿಗೆ ಹಿತವಾದದ್ದಲ್ಲ. ಯಾವ ಗಿಡ, ಯಾರಿಗಾಗಿ, ಯಾರನ್ನು ಕೇಳಿ ಹಚ್ಚಿದರು ಎಂಬ ಮೂರು ಪ್ರಶ್ನೆಗಳನ್ನು ಯಾವಾಗಲೂ ಕೇಳಬೇಕು.

ಕುಸನೂರಿನವರು ಮಾಡಿದ್ದು

ಹಾನಗಲ್ಲ ತಾಲೂಕಿನಲ್ಲಿ ಕುಸನೂರು ಎಂಬ ಊರಿದೆ. ಆಗ ಅದು ನಮ್ಮ ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಜಿಲ್ಲೆ ಒಡೆದಾಗ ಹಾವೇರಿ ಜಿಲ್ಲೆಗೆ ಸೇರಿತು. ಅಲ್ಲಿಯ ಬಯಲಿನಲ್ಲಿ ಕಂಪನಿ ನೀಲಗಿರಿ ಹಚ್ಚಿತು. ಊರವರು ಸುಮ್ಮನೆ ಕೂಡಲಿಲ್ಲ.

ಅವರಿಗೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಬೆಂಬಲವಾಗಿ ನಿಂತಿತು. ಶ್ರೀ ಎಸ್. ಆರ್. ಹಿರೇಮಠರು ಮತ್ತು ಅವರ ಸಂಗಡಿಗರು ನಡೆಸಿದ ಈ ಸಂಸ್ಥೆ, ಕಾರಖಾನೆಯ ಹೊಲಸು ನೀರಿನಿಂದ ತುಂಗಭದ್ರೆ ಕೆಟ್ಟು ಮೀನು ಸಾಯುತ್ತಿದ್ದ ಪ್ರಶ್ನೆಯನ್ನು ಮೊದಲೇ ಕೈಗೆತ್ತಿಕೊಂಡಿತ್ತು. ಹಿರಿಯರಾದ ಡಾ. ಶಿವರಾಮ ಕಾರಂತರು ಮುಂದೆ ಬಂದರು. 1986ರ ಡಿಸೆಂಬರಿನಲ್ಲಿ ಕಾರಂತರು, ಸಮುದಾಯದವರು ಮತ್ತು ಇತರರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ಮಾರ್ಚ್ 24ರಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇನ್ನು ಮೇಲೆ ಕಂಪನಿಗೆ ಹೊಸ ಭೂಮಿಯನ್ನು ಕೊಡಕೂಡದು ಎಂಬುದೇ ಅದರ ಅರ್ಥ.

ಆದರೆ ಕೋರ್ಟಿನ ಕಾಗದ ಬಂತೆಂದು ಜನ ಮನೆಗೆ ಹೋಗಿ ಮಲಗಲಿಲ್ಲ. 1987ರ ನವೆಂಬರ್ 14ರಂದು, ಕರಾರಿಗೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 2,000 ಜನ ಕುಸನೂರಿನಲ್ಲಿ ಕೂಡಿದರು. ಮೊದಲು, ಯಾರ ಮೈಮೇಲೂ ಕೈ ಮಾಡುವುದಿಲ್ಲವೆಂದು ಅಹಿಂಸೆಯ ಪ್ರತಿಜ್ಞೆ ಮಾಡಿದರು. ಬಳಿಕ ಮೆರವಣಿಗೆಯಲ್ಲಿ ಆ ಭೂಮಿಗೆ ನಡೆದರು. ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಸಾಂಕೇತಿಕವಾಗಿ ಅಷ್ಟೇ. ಕಿತ್ತ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಬರುವ ತಮ್ಮ ಕಡೆಯ ಗಿಡಗಳನ್ನು ಹಚ್ಚಿದರು. ಹಿಂದಿರುಗುವ ಮೊದಲು, ಈ ಸಸಿಗಳಿಗೆ ನೀರು ಹಾಕಿ ಕಾಯುತ್ತೇವೆಂದು ಇನ್ನೊಂದು ಪ್ರತಿಜ್ಞೆ ಮಾಡಿದರು.

ನಾಲ್ಕು ವರ್ಷ ಮೊದಲು, 1983ರಲ್ಲಿ, ಸಿರ್ಸಿ ಸೀಮೆಯ ಸಾಲಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತಿದ್ದರು. ಅದು ಅಪ್ಪಿಕೋ ಚಳವಳಿ. ಕುಸನೂರಿನದು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಹೆಸರಿನಲ್ಲಿ ಎರಡು ಮಾತು ಇರುವುದನ್ನು ಗಮನಿಸಿರಿ. ಕೀಳುವುದು ಅರ್ಧ ಕೆಲಸ. ಹಚ್ಚುವುದು ಇನ್ನರ್ಧ. ಬೇಡ ಎನ್ನುವವನು ಏನು ಬೇಕು ಎಂಬುದನ್ನೂ ಹೇಳಬೇಕು, ಅದನ್ನು ತನ್ನ ಕೈಯಿಂದ ಮಾಡಿ ತೋರಿಸಬೇಕು. ಬರೀ ಕಿತ್ತು ಬಂದಿದ್ದರೆ ಅವರನ್ನು ಪುಂಡರೆನ್ನುತ್ತಿದ್ದರು. ಹಚ್ಚಿ ನೀರು ಹಾಕಿದ್ದರಿಂದ ಆ ಭೂಮಿಯ ಒಡೆಯರು ಯಾರೆಂಬುದು ಲೋಕಕ್ಕೆ ತಿಳಿಯಿತು.

ದಾರಿ ಸುಗಮವಾಗಿರಲಿಲ್ಲ. 1988ರಲ್ಲಿ ಕೋರ್ಟಿನ ತಡೆ ಸ್ವಲ್ಪ ಸಡಿಲಾಯಿತು. ಜನ ಮತ್ತೆ ಏಳಬೇಕಾಯಿತು. ಕೊನೆಗೆ 1991ರ ಅಕ್ಟೋಬರಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮುಚ್ಚಿತು. ನಲವತ್ತು ವರ್ಷದ ಕರಾರು ಏಳು ವರ್ಷಕ್ಕೆ ಮುಗಿಯಿತು. ಮುಂದೆ 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು.

ಇಂದು ಒತ್ತುವವರು ಯಾರು?

ಬಾಂಧವರೇ, ಇಲ್ಲಿಯವರೆಗೆ ಹೇಳಿದ್ದು ಕೇಳಲಿಕ್ಕೆ ಹಿತವಾಗಿತ್ತು. ಹೊರಗಿನ ಕಂಪನಿ ಬಂದರೆ ಊರು ಒಂದಾಗುವುದು ಸುಲಭ. ಈಗ ಹೇಳುವ ಮಾತು ಅಷ್ಟು ಹಿತವಲ್ಲ.

ಬಹಳ ಊರುಗಳಲ್ಲಿ ಗಾಯರಾಣವನ್ನು ತಿಂದದ್ದು ಕಂಪನಿಯಲ್ಲ. ಗಾಯರಾಣಕ್ಕೆ ಹತ್ತಿದ ಹೊಲದವನು ಈ ವರ್ಷ ಒಂದು ಸಾಲು ಒತ್ತುತ್ತಾನೆ, ಮುಂದಿನ ವರ್ಷ ಮತ್ತೊಂದು. ಹತ್ತು ವರ್ಷಕ್ಕೆ ಬದು ಹತ್ತು ಮಾರು ಸರಿದಿರುತ್ತದೆ. ಅವನನ್ನು ಕಂಡು ಇನ್ನೊಬ್ಬ. ಒಬ್ಬ ಗರಸು ಅಗೆದು ಮಾರುತ್ತಾನೆ. ಮತ್ತೊಬ್ಬ ಕಲ್ಲು ಹೂಳಿಸಿ ತಂತಿ ಕಟ್ಟುತ್ತಾನೆ. ಇದನ್ನು ಊರೆಲ್ಲ ನೋಡುತ್ತದೆ. ‘ನಮಗೇಕೆ ನಿಷ್ಠುರ’ ಎಂದು ಯಾರೂ ಮಾತಾಡುವುದಿಲ್ಲ. ಹಿಂದೆ ನಮ್ಮ ಊರ ಗೌಡರು, ಹಿರಿಯರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಮಾತನ್ನು ಈಗ ಕೇಳುವವರಿಲ್ಲ.

ನಷ್ಟ ಯಾರಿಗೆ? ಹತ್ತು ಕೂರಿಗೆ ಹೊಲ ಇದ್ದವನಿಗೆ ಅಲ್ಲ. ಅವನಿಗೆ ತನ್ನದೇ ಬದು ಇದೆ, ಬಣಿವೆ ಇದೆ. ಹೊಲವಿಲ್ಲದ ಮನೆಯ ಆಡು, ಗಂಡನಿಲ್ಲದ ಹೆಣ್ಣುಮಗಳ ಎಮ್ಮೆ, ಊರೂರು ತಿರುಗುವ ಕುರಿಗಾರನ ಹಿಂಡು, ಇವು ಮೊದಲು ಉಪವಾಸ ಬೀಳುತ್ತವೆ. ಮೇವು ಸಿಗದೆ ಆಡು ಮಾರಿದ ಮನೆಯವರು ಮುಂದೆ ಕೂಲಿಗೆಂದು ಊರು ಬಿಡುತ್ತಾರೆ. ಸುಗ್ಗಿಯಲ್ಲಿ ಆಳು ಸಿಗುವುದಿಲ್ಲವೆಂದು ನೀವೇ ಗೊಣಗುತ್ತೀರಿ.

ಇಲ್ಲಿ ಒಂದು ವಿವೇಕ ಬೇಕು. ಹೊಟ್ಟೆಗೆ ಗತಿಯಿಲ್ಲದೆ ಎರಡು ಎಕರೆ ಉತ್ತವನನ್ನೂ, ಇದ್ದ ಹೊಲ ಸಾಲದೆಂದು ಇಪ್ಪತ್ತು ಎಕರೆ ಸೇರಿಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2011ರ ಜನವರಿ 28ರಂದು, ಪಂಜಾಬಿನ ಒಂದು ಹಳ್ಳಿಯ ಕೆರೆಯನ್ನು ಒತ್ತಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇದೇ ಮಾತನ್ನು ಹೇಳಿತು. ಊರ ಸಾಮೂಹಿಕ ಭೂಮಿಯನ್ನು ಒತ್ತಿದವರನ್ನು ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಆಜ್ಞೆ ಮಾಡಿತು. ಬಹಳ ದಿನದಿಂದ ಅನುಭವಿಸುತ್ತಿದ್ದೇನೆ, ಬಹಳ ಖರ್ಚು ಮಾಡಿದ್ದೇನೆ ಎಂಬ ನೆವ ನಡೆಯದೆಂದಿತು. ಭೂಮಿಯಿಲ್ಲದ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರಕಾರ ಕೊಟ್ಟ ಜಾಗ, ಶಾಲೆ ದವಾಖಾನೆ ಇರುವ ಜಾಗ, ಇಂಥವುಗಳಿಗೆ ಮಾತ್ರ ವಿನಾಯಿತಿ ಇರಬಹುದೆಂದಿತು. ಊರಿನ ನ್ಯಾಯವೂ ಹೀಗೆಯೇ ಇರಲಿ. ಬಡವನಿಗೆ ಕಾನೂನಿನ ದಾರಿಯಲ್ಲಿ ಜಾಗ ದೊರಕಿಸಲು ಊರು ನೆರವಾಗಲಿ. ಉಳ್ಳವನಿಗೆ ‘ಬಿಟ್ಟುಬಿಡಪ್ಪಾ’ ಎಂದು ನಾಲ್ಕು ಜನ ಕೂಡಿ ಹೇಳಲಿ. ಮೊದಲು ಬಿಡಬೇಕಾದವರು ಊರಿನ ದೊಡ್ಡವರು. ಅವರು ಬಿಟ್ಟರೆ ಉಳಿದವರಿಗೆ ಹೇಳುವ ಬಾಯಿ ಬರುತ್ತದೆ.

ಊರಲ್ಲಿ ಮಾಡಬೇಕಾದ ಕೆಲಸ

ಈಗ ಕೆಲಸದ ಮಾತು. ಕ್ರಮವಾಗಿ ಐದು ಹೇಳುತ್ತೇನೆ.

1. ತಿಳಿದುಕೊಳ್ಳಿರಿ. ನಿಮ್ಮ ಊರಿನ ಗಾಯರಾಣದ ಸರ್ವೆ ನಂಬರು ಯಾವುದು, ಎಷ್ಟು ಎಕರೆ ಎಷ್ಟು ಗುಂಟೆ, ಎಂಬುದನ್ನು ತಲಾಠಿಯವರಿಂದ ಕೇಳಿ ತಿಳಿಯಿರಿ. ಆ ನಂಬರಿನ ಉತಾರ ತೆಗೆಸಿರಿ, ಊರ ನಕಾಶೆಯ ನಕಲು ತೆಗೆದುಕೊಳ್ಳಿರಿ. ಊರಿನ ದನಗಳನ್ನು ಎಣಿಸಿರಿ. ನೂರು ದನಕ್ಕೆ ಮೂವತ್ತು ಎಕರೆ ಎಂಬ ಲೆಕ್ಕಕ್ಕೆ ಎಷ್ಟು ಇರಬೇಕು, ಎಷ್ಟು ಇದೆ ನೋಡಿರಿ. ಸರ್ವೆ ನಂಬರು ಗೊತ್ತಿಲ್ಲದ ಊರು ತನ್ನ ಭೂಮಿಯನ್ನು ಕಾಯಲಾರದು.

2. ಎಲ್ಲರಿಗೂ ಕಾಣುವಂತೆ ಬರೆಯಿರಿ. ಆ ನಂಬರು, ಎಕರೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿಯನ್ನು ಪಂಚಾಯತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಿರಿ. ಶಾಲೆಯ ಮಕ್ಕಳಿಗೆ ಗಾಯರಾಣದ ಸುತ್ತ ಒಮ್ಮೆ ನಡೆದು ಬರುವಂತೆ ಮಾಡಿರಿ. ಗಡಿಕಲ್ಲು ಮಕ್ಕಳಿಗೆ ಗೊತ್ತಿದ್ದರೆ ಮುಂದೆ ಐವತ್ತು ವರ್ಷ ಅದನ್ನು ಸರಿಸುವುದು ಕಷ್ಟ.

3. ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಮೋಜಣಿ ಮಾಡಿಸಿ ಕಲ್ಲು ಹಾಕಿಸಬೇಕೆಂದು ತಹಸೀಲ್ದಾರರಿಗೆ ಅರ್ಜಿ ಕೊಡಿರಿ. ಅರ್ಜಿ ಮುಟ್ಟಿದ ಬಗ್ಗೆ ಸಹಿ ಶಿಕ್ಕೆ ತೆಗೆದುಕೊಂಡು ನಕಲು ಇಟ್ಟುಕೊಳ್ಳಿರಿ. ಬಾಯಿಮಾತಿನ ಅರ್ಜಿ ಗಾಳಿಗೆ ಹೋಗುತ್ತದೆ. 2002ರ ಜೀವವೈವಿಧ್ಯ ಕಾಯದೆಯಂತೆ ಪ್ರತಿ ಪಂಚಾಯತಿಯಲ್ಲಿಯೂ ಒಂದು ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹುಲ್ಲು, ಪ್ರಾಣಿ ಪಕ್ಷಿಗಳ ದಾಖಲೆ ಬರೆಯುವುದು ಅದರ ಕೆಲಸ. ನಿಮ್ಮಲ್ಲಿ ಆ ಸಮಿತಿ ಹೆಸರಿಗೆ ಮಾತ್ರ ಇದ್ದರೆ ಅದನ್ನು ಎಬ್ಬಿಸಿರಿ. ಗಾಯರಾಣದ ಗಿಡಗಳನ್ನು ಬಲ್ಲ ಕುರಿಗಾರರನ್ನು, ನಾಟಿ ವೈದ್ಯರನ್ನು ಕೂಡಿಸಿಕೊಳ್ಳಿರಿ.

4. ನಿಮಗೆ ಬೇಕಾದದ್ದನ್ನು ಹಚ್ಚಿರಿ. ಯಾವ ಗಿಡ ಎಂಬುದನ್ನು ಹೆಣ್ಣುಮಕ್ಕಳನ್ನು ಕೇಳಿ ನಿಶ್ಚಯಿಸಿರಿ. ಮೇವು ಕಟ್ಟಿಗೆ ತರುವವರು ಅವರು. ಎರೆ ಭೂಮಿಯಾದರೆ ಕರಿಜಾಲಿ, ಬೇವು, ಬನ್ನಿ. ಮಸಾರಿಯಾದರೆ ಹುಣಸೆ, ನೇರಳೆ, ಹೊಂಗೆ, ಸೀತಾಫಲ. ಕಾರ ಹುಣ್ಣಿವೆಯೊಳಗಾಗಿ ಗುಂಡಿ ತೋಡಿರಿ, ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮಳೆ ನೋಡಿ ಹಚ್ಚಿರಿ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಒಡ್ಡಿನ ಮೇಲೆ ಹುಲ್ಲಿನ ಬೀಜ ಚೆಲ್ಲಿರಿ. ಸಾವಿರ ಸಸಿ ಹಚ್ಚಿ ಭಾವಚಿತ್ರ ತೆಗೆಸಿಕೊಳ್ಳುವುದಕ್ಕಿಂತ ಇನ್ನೂರು ಹಚ್ಚಿ ಉಳಿಸುವುದು ಮೇಲು. ನಲವತ್ತು ಮನೆಯವರು ಮನೆಗೆ ಐದರಂತೆ ಹಂಚಿಕೊಂಡರೆ ಇನ್ನೂರಾಯಿತು. ಎರಡು ಬೇಸಿಗೆ ನೀರು ಹಾಕಿ, ಸುತ್ತ ಬಾರಿಮುಳ್ಳು ಹಚ್ಚಿದರೆ ಮೂರನೆಯ ವರ್ಷ ಗಿಡ ತನ್ನ ಕಾಲ ಮೇಲೆ ನಿಲ್ಲುತ್ತದೆ.

5. ಸರದಿ ಹಾಕಿ ಮೇಯಿಸಿರಿ. ಗಾಯರಾಣವನ್ನು ಮೂರು ಪಾಲು ಮಾಡಿರಿ. ಒಂದು ಪಾಲಿಗೆ ಮಳೆಗಾಲವೆಲ್ಲ ದನ ಬಿಡಬೇಡಿರಿ. ಹುಲ್ಲು ಬೀಜ ಕಟ್ಟಿ ಉದುರಿಸಿದ ಮೇಲೆ ಮನೆಗೆ ಇಷ್ಟು ಹೊರೆ ಎಂದು ಕೊಯ್ದುಕೊಳ್ಳಿರಿ. ಮರುವರ್ಷ ಇನ್ನೊಂದು ಪಾಲು. ಆದರೆ ಕುರಿಗಾರರನ್ನು ಕೇಳದೆ ಯಾವ ಪಾಲನ್ನೂ ಮುಚ್ಚಬೇಡಿರಿ. ಅವರ ದಾರಿ, ಅವರ ನೀರಿನ ಜಾಗ ತೆರೆದಿರಲಿ. ಅವರನ್ನು ಬಿಟ್ಟು ಮಾಡಿದ ಕಟ್ಟಳೆ ಒಂದು ತಿಂಗಳೂ ನಿಲ್ಲದು. ದಂಡದ ಹಣ, ಹುಲ್ಲಿನ ಹಣ ಏನಾದರೂ ಬಂದರೆ ಅದರ ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಓದಿರಿ.

ಗೆದ್ದದ್ದನ್ನು ಕಾಯುವುದು

ಒಮ್ಮೆ ಗೆದ್ದರೆ ಮುಗಿಯಿತೆಂದು ತಿಳಿಯಬೇಡಿರಿ. ನಮ್ಮ ಮಗ್ಗುಲಿನ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ನೋಡಿರಿ. ಔಷಧಿ ಗಿಡಗಳಿಗೆ ಹೆಸರಾದ ಆ ಗುಡ್ಡವನ್ನು 2015ರ ಡಿಸೆಂಬರಿನಲ್ಲಿ ಸರಕಾರ ಸಂರಕ್ಷಿತ ಪ್ರದೇಶವೆಂದು ಸಾರಿತು. ಒಂದು ವರ್ಷ ಕಳೆಯುವಷ್ಟರಲ್ಲಿ, 2016ರ ನವೆಂಬರಿನಲ್ಲಿ, ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಗುಡ್ಡದಲ್ಲಿ ಚಿನ್ನದ ಗಣಿ ಮಾಡಬೇಕೆಂಬವರು ಕಾದಿದ್ದರು. ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಜನ ಗದುಗಿನಲ್ಲಿ ಧರಣಿ ಕೂತರು. 2017ರಲ್ಲಿ ಆಜ್ಞೆ ಮರಳಿ ಬಂತು; 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಒಂದೇ ಗುಡ್ಡವನ್ನು ಎರಡು ಸಲ ಗಳಿಸಬೇಕಾಯಿತು. ಅಷ್ಟು ದೊಡ್ಡ ಗುಡ್ಡಕ್ಕೇ ಹೀಗಾದರೆ ನಿಮ್ಮ ಊರಿನ ಐವತ್ತು ಎಕರೆಯ ಗಾಯರಾಣಕ್ಕೆ ಕಾವಲು ಎಷ್ಟು ಬೇಕೆಂಬುದನ್ನು ಯೋಚಿಸಿರಿ.

ಈ ಕಾವಲಿಗೆ ಬಂದೂಕು ಬೇಡ, ಜಗಳ ಬೇಡ. ವರ್ಷಕ್ಕೊಮ್ಮೆ ಊರು ಕೂಡಿ ಗಡಿ ಸುತ್ತಿ ಬಂದರೆ ಸಾಕು. ಕಲ್ಲು ಸರಿದಿದ್ದರೆ ಆ ದಿನವೇ ಕಾಣುತ್ತದೆ. ಮೊದಲನೆಯ ಸಾಲು ಒತ್ತಿದ ದಿನ ಹೇಳಿದರೆ ಒಂದು ಮಾತಿನಿಂದ ಮುಗಿಯುತ್ತದೆ. ಹತ್ತು ವರ್ಷದ ಮೇಲೆ ಹೇಳಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ.

ತಾಯಂದಿರಿಗೆ ಒಂದು ಮಾತು. ಗ್ರಾಮಸಭೆಗೆ ಗಂಡಸರನ್ನಷ್ಟೇ ಕಳಿಸಬೇಡಿರಿ. ಕಟ್ಟಿಗೆ ಎಷ್ಟು ದೂರದಿಂದ ತರುತ್ತೀರಿ, ಹತ್ತು ವರ್ಷದ ಹಿಂದೆ ಎಷ್ಟು ದೂರ ಹೋಗುತ್ತಿದ್ದಿರಿ ಎಂಬುದನ್ನು ಸಭೆಯಲ್ಲಿ ನೀವೇ ಎದ್ದು ಹೇಳಿರಿ. ಯಾವ ಅಧಿಕಾರಿಯ ವರದಿಗಿಂತಲೂ ಆ ಮಾತಿಗೆ ತೂಕ ಹೆಚ್ಚು.

ತರುಣರಿಗೆ ಒಂದು ಮಾತು. ನಿಮ್ಮ ಕೈಯಲ್ಲಿ ಈಗ ಮೊಬೈಲು ಇದೆ. ಉತಾರವನ್ನೂ ನಕಾಶೆಯನ್ನೂ ಕೂತಲ್ಲಿಯೇ ತೆರೆದು ನೋಡಬಹುದು. ಈ ಅನುಕೂಲ ಕುಸನೂರಿನವರಿಗೆ ಇರಲಿಲ್ಲ. ಓದು ಬಾರದ ಹಿರಿಯರ ಪಕ್ಕದಲ್ಲಿ ಕೂತು ಅದನ್ನು ಓದಿ ಹೇಳಿರಿ. ಅವರು ಗಡಿಯ ಗುರುತು ತೋರಿಸುತ್ತಾರೆ, ನೀವು ಕಾಗದದ ಗುರುತು ತೋರಿಸಿರಿ. ಎರಡೂ ಕೂಡಿದಾಗ ಊರಿಗೆ ಬಲ ಬರುತ್ತದೆ.

ಮುಂದಿನ ಕಾರ ಹುಣ್ಣಿವೆಗೆ ಎತ್ತುಗಳನ್ನು ಶೃಂಗರಿಸಿ ಕರಿ ಹರಿಯುವಿರಿ. ಆ ಎತ್ತು ಮೇಯುವ ಬಯಲು ಯಾವ ನಂಬರಿನಲ್ಲಿದೆ, ಎಷ್ಟು ಉಳಿದಿದೆ ಎಂಬುದನ್ನು ಅದಕ್ಕೆ ಮೊದಲು ತಿಳಿದುಕೊಳ್ಳುವೆವೆಂದು ಪ್ರತಿ ಊರಿನಿಂದ ಐದು ಮಂದಿ ಮಾತು ಕೊಟ್ಟರೆ ಸಾಕು, ಈ ಸಭೆ ಸಾರ್ಥಕವಾಯಿತು.